ಜಗುಲಿಯ ಮೇಲೆ ಕುಳಿತವರು ಅಮೀನರಲ್ಲ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಒಂದೂಕಾಲು ಎಕರೆ ಅಡಿಕೆ ತೋಟವಿದೆ. ಎಲೆಚುಕ್ಕೆ ರೋಗ, ಅದರ ಮೇಲೆ ಕೊಳೆ ಬಂದು ಎರಡು ವರ್ಷದಿಂದ ಫಸಲು ಕೈಗೆ ಸಿಕ್ಕಿಲ್ಲ. ಅಪ್ಪ ಕಾಲು ಮುರಿದುಕೊಂಡು ಮನೆಯಲ್ಲಿದ್ದಾರೆ. ಅಮ್ಮ ಮೂರು ಮೈಕ್ರೋ ಫೈನಾನ್ಸ್ ಸಂಘಗಳಲ್ಲಿ ಸೇರಿ ಸುಮಾರು 1,40,000 ರೂಪಾಯಿ ಸಾಲ ಮಾಡಿದ್ದಾರೆ. ನಾಲ್ಕು ತಿಂಗಳಿಂದ ಕಂತು ಕಟ್ಟಲು ಆಗಿಲ್ಲ. ವಸೂಲಿಯವರು ರಾತ್ರಿ ಏಳೂವರೆಗೆ ಬಂದು ಜಗುಲಿಯ ಮೇಲೆ ಕುಳಿತುಬಿಡುತ್ತಾರೆ. ಅಮೀನರನ್ನು ಕರೆತಂದು ಮನೆಗೆ ಬೀಗ ಹಾಕಿಸುತ್ತೇವೆ, ಅಮ್ಮನನ್ನು ಜೈಲಿಗೆ ಕಳಿಸುತ್ತೇವೆ ಎನ್ನುತ್ತಾರೆ. ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿದ್ದಾರೆ. ಅಕ್ಕನ ಗಂಡನ ಮನೆಗೂ ಫೋನ್ ಮಾಡಿದ್ದಾರೆ. ಒಂದು ಕಡೆಯವರ ಬಳಿ ಸಹಿ ಮಾಡಿದ ಖಾಲಿ ಚೆಕ್ ಇದೆ. ತಮ್ಮ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಾನೆ; ಅವನ ಸಂಬಳ ಹಿಡಿಯುತ್ತಾರೆಯೇ? ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ನಾನೊಬ್ಬಳು ಇಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ ಎನ್ನುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಕಾನೂನಿನ ಮಾತು ನಾಳೆಗೂ ಆಗುತ್ತದೆ, ಇದು ಆಗುವುದಿಲ್ಲ. ಇಂದು ರಾತ್ರಿ ಅಮ್ಮನನ್ನು ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಪಕ್ಕದ ಮನೆಗೆ ಸಾಗಿಸಿ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯವರು ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಮಾತನಾಡುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು. ಅಮ್ಮನಿಗೆ ಒಂದು ಮಾತನ್ನು ನನ್ನ ಹೆಸರಿನಲ್ಲೇ ಹೇಳಿ: ಶಿವಮೊಗ್ಗದ ಕೋರ್ಟಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಿವಿಲ್ ಕೇಸು ನಡೆಸಿದ ವಕೀಲರೊಬ್ಬರು ಬರೆದಿದ್ದಾರೆ, ಈ ಸಾಲಕ್ಕೆ ನಿನ್ನನ್ನು ಯಾರೂ ಜೈಲಿಗೆ ಹಾಕುವಂತಿಲ್ಲ ಎಂದು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು ಹಣದ ಡಿಕ್ರಿಗಾಗಿ, ಅಂದರೆ ಹಣ ಕಟ್ಟಿ ಎಂದು ಸಿವಿಲ್ ಕೋರ್ಟ್ ಕೊಟ್ಟ ತೀರ್ಪಿಗಾಗಿ, ಹೆಂಗಸನ್ನು ಬಂಧಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಸಾಲ ಒಂದು ಲಕ್ಷದ್ದಾಗಲಿ, ಒಂದು ಕೋಟಿಯದ್ದಾಗಲಿ, ಈ ಮಾತು ಬದಲಾಗುವುದಿಲ್ಲ. ಆ ಖಾಲಿ ಚೆಕ್ಕಿನ ವಿಷಯ ಮಾತ್ರ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಜಗುಲಿಯ ಮೇಲೆ ಕುಳಿತವರ ವಿಷಯ. ನನ್ನ ಬಳಿ ಬರುವ ಹತ್ತು ಜನರಲ್ಲಿ ಎಂಟು ಜನರ ಭಯ ಹುಟ್ಟುವುದು ಒಂದೇ ಗೊಂದಲದಿಂದ. ಸಾಲ ಕೊಟ್ಟ ಸಂಸ್ಥೆಯ ನೌಕರನನ್ನೂ ನ್ಯಾಯಾಲಯದ ಅಮೀನರನ್ನೂ ಅವರು ಒಂದೇ ಎಂದುಕೊಂಡಿರುತ್ತಾರೆ. ವಸೂಲಿಗೆ ಬರುವವನು ಸಂಬಳಕ್ಕೋ ಕಮಿಷನ್‌ಗೋ ದುಡಿಯುವ ಖಾಸಗಿ ವ್ಯಕ್ತಿ. ನಿಮ್ಮ ಮನೆಯ ಒಂದು ಚೊಂಬನ್ನು ಮುಟ್ಟುವ ಅಧಿಕಾರವೂ ಅವನಿಗಿಲ್ಲ. ಅಮೀನರು ನ್ಯಾಯಾಲಯದ ನೌಕರರು. ಅವರನ್ನು ಯಾರೂ "ಕರೆತರಲು" ಆಗುವುದಿಲ್ಲ. ಮೊದಲು ದಾವೆ ಹೂಡಬೇಕು, ನಿಮಗೆ ಸಮನ್ಸ್ ಜಾರಿಯಾಗಬೇಕು, ನಿಮ್ಮ ಉತ್ತರ ಕೇಳಬೇಕು, ವಿಚಾರಣೆ ನಡೆದು ಡಿಕ್ರಿ ಆಗಬೇಕು, ಆಮೇಲೂ ನೀವು ಕಟ್ಟದಿದ್ದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಅವರು ಅಮಲ್ಜಾರಿ ಅರ್ಜಿ ಹಾಕಬೇಕು, ನ್ಯಾಯಾಧೀಶರು ಜಪ್ತಿ ವಾರಂಟ್ ಹೊರಡಿಸಬೇಕು. ಆಗ ಅಮೀನರು ಬರುತ್ತಾರೆ. ನಾಲ್ಕು ತಿಂಗಳ ಬಾಕಿಗೆ ಇಷ್ಟೆಲ್ಲ ಮುಗಿದು ಅಮೀನರು ನಿಮ್ಮ ಅಂಗಳಕ್ಕೆ ಬಂದು ನಿಲ್ಲುವುದು ಸಾಧ್ಯವೇ ಇಲ್ಲ.

ಒಂದು ಮಳೆಗಾಲದಲ್ಲಿ ಸಾಗರದ ಕಡೆಯ ಹೆಣ್ಣುಮಗಳೊಬ್ಬರು ನನ್ನ ಕಚೇರಿಗೆ ಬಂದಿದ್ದರು. ನೀರು ಸೋರುವ ಕೊಡೆಯನ್ನು ಬಾಗಿಲ ಹೊರಗಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು. ಮೇಲೆ ತಕ್ಕಡಿಯ ಚಿತ್ರ. ಕೆಂಪಕ್ಷರದಲ್ಲಿ "ಜಪ್ತಿ ಪೂರ್ವ ಅಂತಿಮ ಎಚ್ಚರಿಕೆ". ಕೆಳಗೆ ನೇರಳೆ ಬಣ್ಣದ ದುಂಡು ಮೊಹರು. ಎರಡು ವಾರದಿಂದ ಅವರು ಅದನ್ನು ದೇವರ ಗೂಡಿನಲ್ಲಿಟ್ಟು ದಿನಾ ನೋಡಿ ಅಳುತ್ತಿದ್ದರಂತೆ. ನಾನು ಕಾಗದವನ್ನು ಅವರ ಕಡೆಗೇ ತಿರುಗಿಸಿ, "ಇದರಲ್ಲಿ ಯಾವ ನ್ಯಾಯಾಲಯ ಎಂದು ಎಲ್ಲಿ ಬರೆದಿದೆ, ಹುಡುಕಿ ಕೊಡಿ" ಎಂದೆ. ಇರಲಿಲ್ಲ. ದಾವೆಯ ಸಂಖ್ಯೆ ಇರಲಿಲ್ಲ, ಹಾಜರಾಗಬೇಕಾದ ದಿನಾಂಕ ಇರಲಿಲ್ಲ. ಮೊಹರನ್ನು ಬೆಳಕಿಗೆ ಹಿಡಿದು ಓದಿದರೆ ಅದು ಸಾಲ ಕೊಟ್ಟ ಸಂಸ್ಥೆಯ ಶಾಖೆಯದ್ದು. ಮೂರು ಪೈಸೆಯ ಶಾಯಿ, ಎರಡು ವಾರದ ಕಣ್ಣೀರು. ಅಂದಿನಿಂದ ಯಾರೇ ಕಾಗದ ತಂದರೂ ನಾನು ಮೊದಲು ಈ ಮೂರನ್ನೇ ನೋಡಲು ಕಲಿಸುತ್ತೇನೆ: ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ ಮತ್ತು ವರ್ಷ, ಹಾಜರಾಗುವ ದಿನ. ಈ ಮೂರೂ ಇದ್ದರೆ ಆ ಕಾಗದವನ್ನು ತಲೆಯ ಮೇಲಿಟ್ಟುಕೊಂಡು ವಕೀಲರ ಬಳಿ ಓಡಿ. ಇಲ್ಲದಿದ್ದರೆ ಅದು ಸಂಸ್ಥೆ ಬರೆದ ಪತ್ರ, ಅಷ್ಟೇ. ಪತ್ರಕ್ಕೆ ಪತ್ರದಲ್ಲೇ ಉತ್ತರ ಕೊಟ್ಟರಾಯಿತು.

ಮನೆಗೆ ಬೀಗ ಹಾಕಿಸುವ ಮಾತಂತೂ ಬರಿಯ ಬೆದರಿಕೆ. ರಿಸರ್ವ್ ಬ್ಯಾಂಕಿನ ವ್ಯಾಖ್ಯೆಯ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲ ಎಂದರೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ. ಅಡವೇ ಇಲ್ಲದ ಸಾಲಕ್ಕೆ ಬೀಗ ಹಾಕುವುದು ಯಾವ ಆಧಾರದ ಮೇಲೆ? ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಆಸ್ತಿ ಸ್ವಾಧೀನಕ್ಕೆ ತೆಗೆದುಕೊಳ್ಳಲು ಬಳಸುವ 2002ರ ಸರ್ಫೇಸಿ ಕಾಯ್ದೆ ಅಡಮಾನವಿಲ್ಲದ ಸಾಲಕ್ಕೆ ಅನ್ವಯಿಸುವುದೇ ಇಲ್ಲ.

ರಾತ್ರಿ ಏಳೂವರೆಗೆ ಬರುತ್ತಾರೆ ಎಂದಿದ್ದೀರಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಮೈಕ್ರೋ ಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವುದೇ ತಪ್ಪು. (ಉಳಿದ ಬ್ಯಾಂಕ್ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಎಂಬ ಮಿತಿ ಬೇರೆ ಇದೆ, ಇವೆರಡನ್ನು ಜನ ಬೆರೆಸಿಬಿಡುತ್ತಾರೆ.) ಕಂತು ವಸೂಲಿ ಮಾಡಬೇಕಾದ್ದು ಇಬ್ಬರೂ ಒಪ್ಪಿದ ಒಂದು ನಿಗದಿತ ಜಾಗದಲ್ಲಿ. ನಿಮ್ಮೂರಿನಲ್ಲಿ ಅದು ಸಂಘದ ಸಭೆ ಸೇರುವ ಮನೆಯಾಗಿರಬಹುದು. ಸಾಲಗಾರರು ಎರಡು ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಬರಬಹುದು. ಹಾಗಾಗಿ ಅಮ್ಮನಿಗೆ ನನ್ನ ಸಲಹೆ ಕೇಳಲು ಕಷ್ಟವೆನಿಸಬಹುದು: ಕೈಯಲ್ಲಿ ದುಡ್ಡಿಲ್ಲದಿದ್ದರೂ ಸಭೆಗೆ ಹೋಗಲಿ. ಹೋಗಿ, ಈ ವಾರ ಆಗುವುದಿಲ್ಲ ಎಂದು ಹೇಳಿ, ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿ ಬರಲಿ. ಬಚ್ಚಿಟ್ಟುಕೊಂಡಷ್ಟೂ ಅವರಿಗೆ ಮನೆಯ ದಾರಿ ತೆರೆಯುತ್ತದೆ. ಒಬ್ಬರೇ ಹೋಗುವುದು ಬೇಡ, ನೀವು ಜೊತೆಗಿರಿ. ಯಾರೋ ಒಬ್ಬರು ಕಟ್ಟಿಲ್ಲವೆಂದು ಉಳಿದ ಹೆಂಗಸರನ್ನೆಲ್ಲ ಕತ್ತಲಾಗುವವರೆಗೆ ಕೂರಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಎಷ್ಟೋ ಊರುಗಳಲ್ಲಿದೆ. ಹಾಗೆ ಕೂರಿಸುವ ಅಧಿಕಾರವನ್ನು ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ. ಗುಂಪಿನ ಹೊಣೆ ಎಂಬುದು ಹಣದ ಹೊಣೆ, ಒತ್ತೆಯಾಳಾಗುವ ಹೊಣೆಯಲ್ಲ. ಇದನ್ನು ಗುಂಪಿನ ಉಳಿದವರಿಗೂ ಓದಿ ಹೇಳಿ. ಅವರು ಅಮ್ಮನ ಮೇಲೆ ಸಿಡುಕುವುದು ಅವರದೇ ಭಯದಿಂದ.

ಅಕ್ಕನ ಗಂಡನ ಮನೆಗೆ ಫೋನ್ ಮಾಡಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಮಲೆನಾಡಿನ ಮನೆಗಳಲ್ಲಿ ಮರ್ಯಾದೆ ಎಂಬುದು ತೋಟಕ್ಕಿಂತ ದೊಡ್ಡ ಆಸ್ತಿ ಎಂಬುದು ಈ ವಸೂಲಿಯವರಿಗೆ ಚೆನ್ನಾಗಿ ಗೊತ್ತು. ಅದನ್ನೇ ಹಿಡಿದು ಎಳೆಯುತ್ತಾರೆ. ನಂಟರಿಗೆ, ಸ್ನೇಹಿತರಿಗೆ, ಜೊತೆ ಕೆಲಸ ಮಾಡುವವರಿಗೆ ಕಿರುಕುಳ ಕೊಡುವುದು, ಸಾಲಗಾರರ ಹೆಸರನ್ನು ಬಹಿರಂಗಪಡಿಸುವುದು, ಬೈಗುಳ, ಬೆದರಿಕೆ, ಪದೇ ಪದೇ ಕರೆ ಮಾಡುವುದು, ಕಟ್ಟದಿದ್ದರೆ ಹೀಗಾಗುತ್ತದೆ ಎಂದು ಸುಳ್ಳು ಹೇಳಿ ಹೆದರಿಸುವುದು, ಎಲ್ಲವನ್ನೂ ರಿಸರ್ವ್ ಬ್ಯಾಂಕಿನ ಅದೇ ನಿಯಮ ನಿಷೇಧಿಸಿದೆ. ಆ ಲೆಕ್ಕಕ್ಕೆ "ಜೈಲಿಗೆ ಕಳಿಸುತ್ತೇವೆ" ಎಂಬ ಒಂದೇ ವಾಕ್ಯ ಎರಡು ಉಲ್ಲಂಘನೆ. ಅಕ್ಕನಿಗೆ ಹೇಳಿ, ಕರೆ ಬಂದ ದಿನ, ಹೊತ್ತು, ಸಂಖ್ಯೆ ಕಾಣುವಂತೆ ಮೊಬೈಲ್ ಪರದೆಯ ಚಿತ್ರ ತೆಗೆದಿಡಲಿ. ದೂರಿಗೆ ಅದೇ ಸಾಕ್ಷಿ.

ರೇಷನ್ ಕಾರ್ಡ್ ಒಯ್ದದ್ದು ಇನ್ನೂ ಗಂಭೀರ. 2025ರ ಫೆಬ್ರವರಿ 12ರಂದು ಕರ್ನಾಟಕ ಸರ್ಕಾರ ಕಿರು ಸಾಲ ಮತ್ತು ಸಣ್ಣ ಸಾಲ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು, ಅದೇ ವರ್ಷ ಅದು ಕಾಯ್ದೆಯಾಯಿತು. ಸರ್ಕಾರಿ ಸೌಲಭ್ಯ ಪಡೆಯುವ ದಾಖಲೆಯನ್ನು ಸಾಲಗಾರರಿಂದ ಕಸಿದುಕೊಳ್ಳುವುದನ್ನು ಈ ಕಾಯ್ದೆ ಬಲವಂತದ ಕ್ರಮಗಳ ಪಟ್ಟಿಯಲ್ಲೇ ಸೇರಿಸಿದೆ. ಶಿಕ್ಷೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಪರವಾನಗಿಯೂ ನೋಂದಣಿಯೂ ಇಲ್ಲದ ಸಾಲದಾತರು ಬಡವರಿಗೆ ಕೊಟ್ಟ ಸಾಲವನ್ನು ಈ ಕಾಯ್ದೆ ತೀರಿದಂತೆಯೇ ಎಂದು ಪರಿಗಣಿಸುತ್ತದೆ.

ಈ ಕೊನೆಯ ಮಾತನ್ನು ಕೇಳಿ ಊರಿನಲ್ಲಿ ಕೆಲವರು "ಸಂಘದ ಸಾಲವೆಲ್ಲ ಮನ್ನಾ ಆಗಿದೆ, ಕಟ್ಟಬೇಡಿ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಪಡೆದ ಸಂಸ್ಥೆಯ ಸಾಲ ಹಾಗೆಯೇ ಇದೆ. ಆದ್ದರಿಂದ ಮೂರೂ ಸಾಲದ ಕಾರ್ಡುಗಳನ್ನು ಎದುರಿಗಿಟ್ಟುಕೊಂಡು ಯಾವುದು ಯಾವ ಬಗೆಯ ಸಂಸ್ಥೆ ಎಂದು ನೋಡಿ. ಕಾರ್ಡು ಅಮ್ಮನಿಗೆ ಅರ್ಥವಾಗುವ ಭಾಷೆಯಲ್ಲಿ, ಬಡ್ಡಿಯ ದರ, ಕಂತಿನ ಮೊತ್ತ, ದೂರು ಹೇಳುವ ವ್ಯವಸ್ಥೆ ಎಲ್ಲವನ್ನೂ ಒಳಗೊಂಡಿರಬೇಕು. ಕಾರ್ಡನ್ನೇ ಕೊಡದೆ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟವರ ಮೇಲೆ ನನಗೆ ಮೊದಲೇ ಅನುಮಾನ. ನೋಂದಾಯಿತ ಸಂಸ್ಥೆಯ ಮೇಲಿನ ದೂರನ್ನು ಠಾಣೆಯಲ್ಲಿ "ಇದು ಆ ಕಾಯ್ದೆಯಲ್ಲಿ ಬರುವುದಿಲ್ಲ" ಎಂದು ಹಿಂದಿರುಗಿಸಿದರೆ ಸುಮ್ಮನೆ ಬರಬೇಡಿ. ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮು, ಹೊರಡಿ ಎಂದರೂ ಹೊರಡದೆ ಮನೆಯಲ್ಲಿ ಕೂರುವುದಕ್ಕೆ 329ನೇ ಕಲಮು ಇದ್ದೇ ಇವೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಮುಂದಿನ ಸಲ ಅವರು ಬಂದಾಗ ಏನು ಮಾಡಬೇಕು? ಬಾಗಿಲಲ್ಲೇ ನಿಂತು, ಗುರುತಿನ ಚೀಟಿ ತೋರಿಸಿ ಎನ್ನಿ. ಸಂಸ್ಥೆ ಹೊರಗಿನ ವಸೂಲಿ ಏಜೆಂಟರನ್ನು ನೇಮಿಸಿದ್ದರೆ ಅವರ ಬಳಿ ಗುರುತಿನ ಚೀಟಿಯ ಜೊತೆಗೆ ಸಂಸ್ಥೆಯ ಅಧಿಕಾರ ಪತ್ರವೂ ಇರಲೇಬೇಕು. ಎರಡರ ಚಿತ್ರವನ್ನೂ ತೆಗೆದುಕೊಳ್ಳಿ. ಮಾತನ್ನು ಮೊಬೈಲಿನಲ್ಲಿ ದಾಖಲಿಸಿ, ದಾಖಲಿಸುತ್ತಿದ್ದೇನೆ ಎಂದು ಹೇಳಿಯೇ ದಾಖಲಿಸಿ. ದನಿ ತಾನಾಗಿಯೇ ತಗ್ಗುತ್ತದೆ. "ಸಾಲ ಇಲ್ಲವೆನ್ನುತ್ತಿಲ್ಲ. ಬರೆದು ಕೊಡಿ, ಬರೆದು ಉತ್ತರಿಸುತ್ತೇವೆ. ಈಗ ಆರು ಗಂಟೆ ದಾಟಿದೆ, ಹೊರಡಿ" ಎಂದಷ್ಟು ಹೇಳಿದರೆ ಸಾಕು. ಜಗಳ ಬೇಡ, ಕೈ ಎತ್ತುವುದಂತೂ ಬೇಡವೇ ಬೇಡ. ಅವರು ತಿರುಗಿ ನಿಮ್ಮ ಮೇಲೆಯೇ ಕೇಸು ಹಾಕುತ್ತಾರೆ. ಹೊರಡದಿದ್ದರೆ 112ಕ್ಕೆ ಕರೆ ಮಾಡಿ. ಪೊಲೀಸರೇ ಬಂದು "ಏನಮ್ಮಾ, ಕಟ್ಟಬಾರದೇ" ಎಂದರೆ ನಯವಾಗಿಯೇ ಹೇಳಿ, ಇದು ಸಿವಿಲ್ ವಿಷಯ, ನಮ್ಮ ದೂರು ಬೆದರಿಕೆಯ ಬಗ್ಗೆ ಎಂದು. ಸಾಲ ವಸೂಲಿ ಪೊಲೀಸರ ಕೆಲಸವಲ್ಲ.

ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. 14448ಕ್ಕೆ ಕರೆ ಮಾಡಿದರೆ ಹೇಗೆಂದು ಕನ್ನಡದಲ್ಲಿ ತಿಳಿಸುತ್ತಾರೆ. ಸಂಸ್ಥೆಗೆ ಕೊಟ್ಟ ದೂರಿನ ಪ್ರತಿಯ ಮೇಲೆ ಶಾಖೆಯವರ ಸ್ವೀಕೃತಿ ಮೊಹರು ಇರಲಿ. ಕೊಡಲು ಒಪ್ಪದಿದ್ದರೆ ನೋಂದಣಿ ಮಾಡಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ.

ಈಗ ನಿಜವಾದ ಅಮೀನರ ವಿಷಯಕ್ಕೆ ಬರುತ್ತೇನೆ. ನಾಳೆ ಸಂಸ್ಥೆ ದಾವೆ ಹೂಡಬಹುದು, ಅದು ಅದರ ಹಕ್ಕು. ಆಗ ನಮ್ಮ ಜನ ಮಾಡುವ ಅತಿ ದೊಡ್ಡ ತಪ್ಪು ಸಮನ್ಸ್ ತೆಗೆದುಕೊಳ್ಳದೆ ಹಿತ್ತಿಲಿಗೆ ಹೋಗಿ ನಿಲ್ಲುವುದು. ನಿರಾಕರಿಸಿದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಜಾರಿಯಾಯಿತು ಎಂದೇ ಲೆಕ್ಕ. ಆಮೇಲೆ ನಿಮ್ಮ ಮಾತನ್ನು ಕೇಳದೆಯೇ ಏಕಪಕ್ಷೀಯ ಡಿಕ್ರಿ ಆಗುತ್ತದೆ, ಅವರು ಹೇಳಿದ ಬಡ್ಡಿ, ಅವರು ಬರೆದ ಮೊತ್ತ. ಎಷ್ಟೋ ಮನೆಗಳಲ್ಲಿ ಕಟ್ಟಿದ ಕಂತುಗಳ ರಸೀದಿ ಕಪಾಟಿನಲ್ಲಿದ್ದೂ ಉಪಯೋಗಕ್ಕೆ ಬಾರದೆ ಹೋದದ್ದು ಹೀಗೆಯೇ. ಸಮನ್ಸ್ ತೆಗೆದುಕೊಳ್ಳಿ, 30 ದಿನದೊಳಗೆ ಲಿಖಿತ ಉತ್ತರ ಹಾಕಿಸಿ. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೂ 30 ದಿನದೊಳಗೆ ಸರಿಯಾದ ಕಾರಣ ತೋರಿಸಿ ಅದನ್ನು ರದ್ದುಪಡಿಸಲು ಕೇಳಬಹುದು. ಡಿಕ್ರಿಯ ಹಣವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ನ್ಯಾಯಾಧೀಶರನ್ನೇ ಕೇಳುವ ದಾರಿಯೂ ಇದೆ. ಅಡಿಕೆ ಸುಗ್ಗಿಯ ಲೆಕ್ಕವನ್ನು ಮುಂದಿಟ್ಟು ಕೇಳಿದರೆ ಕೇಳಿಸಿಕೊಳ್ಳುವ ನ್ಯಾಯಾಧೀಶರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬೆಂಗಳೂರಿನಿಂದಲೋ ಚೆನ್ನೈನಿಂದಲೋ ಆರ್ಬಿಟ್ರೇಷನ್ ನೋಟಿಸ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥಗಾರರ ಮುಂದೆ ವ್ಯಾಜ್ಯ ತೀರ್ಮಾನಿಸುವ ಕರೆ, ಬಂದರೆ ಅದನ್ನೂ ಕಸದ ಬುಟ್ಟಿಗೆ ಹಾಕಬೇಡಿ. ಮಧ್ಯಸ್ಥಗಾರರ ತೀರ್ಪನ್ನು ಡಿಕ್ರಿಯಂತೆಯೇ ಜಾರಿ ಮಾಡಬಹುದು. ವ್ಯಾಜ್ಯದಲ್ಲಿ ಸ್ವಂತ ಹಿತವಿರುವವರು ತಾವೊಬ್ಬರೇ ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಆಕ್ಷೇಪವನ್ನು ಬರೆದು ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ.

ಅಮೀನರು ಬಂದರೂ ಅವರ ಕೈಗೆ ಕಟ್ಟುಪಾಡುಗಳಿವೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಗೆ ಜಪ್ತಿಗಾಗಿ ಕಾಲಿಡುವಂತಿಲ್ಲ. ವಾರಂಟ್ ತೋರಿಸಬೇಕು, ಹಿಡಿದ ವಸ್ತುಗಳ ಪಟ್ಟಿ ಮಾಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಮುಟ್ಟಬಾರದ ವಸ್ತುಗಳ ದೊಡ್ಡ ಯಾದಿಯೇ ಇದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ, ಅದಕ್ಕೆ ಬೇಕಾದ ದನ, ಬಿತ್ತನೆ ಬೀಜ, ಭವಿಷ್ಯ ನಿಧಿ, ಕೂಲಿಯವರ ಕೂಲಿ. ಬೇಸಾಯಗಾರನು ವಾಸವಿರುವ ಸ್ವಂತ ಮನೆಯೂ ಅದರಲ್ಲಿ ಸೇರುತ್ತದೆ. ಆ ಮನೆಯನ್ನೇ ಅಡಮಾನ ಬರೆದುಕೊಟ್ಟಿದ್ದರೆ ಮಾತ್ರ ಲೆಕ್ಕ ಬೇರೆ.

ತೀರ್ಥಹಳ್ಳಿಯ ಕಡೆಯ ಒಂದು ಮನೆಗೆ ಇಂಥ ಜಪ್ತಿಯ ದಿನ ನಾನು ಹೋಗಿದ್ದೆ. ಸುಗ್ಗಿಯ ಕಾಲ. ಅಂಗಳದ ಮೂಲೆಯ ಒಲೆಯ ಮೇಲೆ ಅಡಿಕೆ ಬೇಯಿಸುವ ಹಂಡೆ, ಒಳಗೆ ಚೊಗರಿನ ಕೆಂಪು ನೀರು ಇನ್ನೂ ಬಿಸಿಯಾಗಿತ್ತು. ಸಾಲ ಕೊಟ್ಟವರ ಕಡೆಯವರು ಮೊದಲು ಬೆರಳು ತೋರಿಸಿದ್ದು ಅದಕ್ಕೇ, ತಾಮ್ರದ್ದಲ್ಲವೇ. ಇದು ಬೇಸಾಯದ ಸಲಕರಣೆ, ಇದಿಲ್ಲದೆ ಈ ಮನೆಯ ಫಸಲು ಹಣವಾಗುವುದಿಲ್ಲ ಎಂದು ನಾನು ಹೇಳಿದೆ. ವಯಸ್ಸಾದ ಅಮೀನರು ಒಂದು ಗಳಿಗೆ ಹಂಡೆಯನ್ನು ನೋಡಿದರು, ಮನೆಯ ಯಜಮಾನಿಯ ಚೊಗರು ಹಿಡಿದ ಅಂಗೈಗಳನ್ನು ನೋಡಿದರು, ಹಾಳೆಯ ಮೇಲೆ ಬರೆಯಲು ಹೊರಟಿದ್ದ ಪೆನ್ನನ್ನು ಎತ್ತಿಕೊಂಡರು. ಕೊನೆಗೆ ಪಟ್ಟಿಗೆ ಹೋದದ್ದು ಒಂದು ಟಿವಿ, ಒಂದು ಹಳೆಯ ಬೈಕು. ಬೈಕು ಯಜಮಾನರ ಭಾವಮೈದುನನ ಹೆಸರಿನಲ್ಲಿತ್ತು. ತಕರಾರು ಅರ್ಜಿ ಹಾಕಿ ಅದನ್ನು ಬಿಡಿಸಿಕೊಂಡೆವು. ಜಪ್ತಿಯಾದ ದಿನವೇ ಹರಾಜೂ ಆಗುವುದಿಲ್ಲ: ಹರಾಜಿನ ಪ್ರಕಟಣೆ ಹೊರಟ ಮೇಲೆ ಚರ ವಸ್ತುವಿಗೆ ಕನಿಷ್ಠ 7 ದಿನ, ಸ್ಥಿರಾಸ್ತಿಗೆ ಕನಿಷ್ಠ 15 ದಿನ ಬಿಡಬೇಕು.

ಅಪ್ಪನೂ ಸಾಲಪತ್ರಕ್ಕೆ ಸಹಿ ಹಾಕಿರಬಹುದು ಎಂದುಕೊಂಡು ಇದನ್ನು ಬರೆಯುತ್ತೇನೆ. ಗಂಡಸರ ಬಂಧನಕ್ಕೂ ದಾರಿ ಸುಲಭವಿಲ್ಲ. ಕಟ್ಟುವ ಶಕ್ತಿ ಇದ್ದೂ ದುರುದ್ದೇಶದಿಂದ ಕಟ್ಟದವರಿಗೆ, ಆಸ್ತಿ ಮರೆಮಾಚಿದವರಿಗೆ ಸಿವಿಲ್ ಸೆರೆ ಇದೆ. ಬಡತನವೊಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿತು. ಕಾಲು ಮುರಿದು ಮಲಗಿದ ರೈತನ ಬಂಧನಕ್ಕೆ ಯಾವ ನ್ಯಾಯಾಧೀಶರೂ ಕೈಹಾಕಲಾರರು.

ತಮ್ಮನ ಸಂಬಳದ ಬಗ್ಗೆ ಚಿಂತೆ ಬೇಡ. ಅವನು ಸಾಲಗಾರನೂ ಅಲ್ಲ, ಜಾಮೀನುದಾರನೂ ಅಲ್ಲ ಎಂದಾದರೆ ಅವನ ಸಂಬಳದಿಂದ ಒಂದು ರೂಪಾಯಿಯನ್ನೂ ಹಿಡಿಯಲು ಬರುವುದಿಲ್ಲ. ಆದರೆ ಎಲ್ಲೂ ಸಹಿ ಹಾಕಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಈಗಿನ ಗಡಿಬಿಡಿಯಲ್ಲಿ "ನಾನು ಕಟ್ಟುತ್ತೇನೆ" ಎಂದು ಅವನು ಹೊಸದಾಗಿ ಬರೆದುಕೊಡುವುದೂ ಬೇಡ. ಜಾಮೀನು ಹಾಕಿದವನ ಹೊಣೆ ಸಾಲಗಾರನಷ್ಟೇ ಭಾರದ್ದು.

ಚೆಕ್‌ನ ಮಾತಿಗೆ ಸ್ವಲ್ಪ ನಿಧಾನವಾಗಿ ಗಮನ ಕೊಡಿ, ಈ ಇಡೀ ವ್ಯವಹಾರದಲ್ಲಿ ಕ್ರಿಮಿನಲ್ ಪ್ರಕರಣವಾಗಿ ನಿಮ್ಮ ಮನೆಗೆ ತಿರುಗಬಹುದಾದದ್ದು ಇದೊಂದೇ. ಖಾಲಿ ಚೆಕ್ ಆದರೂ ಸಹಿ ತಮ್ಮದೆಂದು ಒಪ್ಪಿದರೆ ಅದು ಬಾಕಿಗಾಗಿಯೇ ಕೊಟ್ಟದ್ದು ಎಂದು ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ಹಣ ಪಾವತಿಸಬೇಡಿ ಎಂದು ಬ್ಯಾಂಕಿಗೆ ಬರೆದುಕೊಟ್ಟ ಮಾತ್ರಕ್ಕೆ ತಪ್ಪಿಸಿಕೊಂಡಂತಾಗುವುದಿಲ್ಲ. ಈಗಲೇ ಆ ಸಂಸ್ಥೆಗೆ ನೋಂದಣಿ ಮಾಡಿಸಿದ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳುಹಿಸಿ: ಇಂಥ ಸಂಖ್ಯೆಯ ಚೆಕ್ಕನ್ನು ಮೊತ್ತ ಬರೆಯದೆ ಭದ್ರತೆಗೆಂದು ಪಡೆದಿದ್ದೀರಿ, ಇಂದಿನ ದಿನ ನಮ್ಮ ಲೆಕ್ಕದಲ್ಲಿ ಬಾಕಿ ಇಷ್ಟು, ಚೆಕ್ಕನ್ನು ಹಿಂದಿರುಗಿಸಿ ಎಂದು. ಚೆಕ್ ಅಮಾನ್ಯವಾದ ಮೇಲೆ ಅವರು 30 ದಿನದೊಳಗೆ ನೋಟಿಸ್ ಕೊಡಬೇಕು, ಅದು ಕೈಸೇರಿದ ದಿನದಿಂದ ಹಣ ಕಟ್ಟಲು 15 ದಿನ ಇರುತ್ತದೆ. ಆ 15 ದಿನ ಮುಗಿಯುವ ಮೊದಲೇ ವಕೀಲರ ಮೂಲಕ ಉತ್ತರ ಹೋಗಬೇಕು. ಈ ಒಂದು ನೋಟಿಸನ್ನು ಮಾತ್ರ ಒಂದು ದಿನವೂ ಇಟ್ಟುಕೊಂಡು ಕೂರಬೇಡಿ.

ತೋಟದ ಮೇಲೆ ಬ್ಯಾಂಕಿನಲ್ಲೋ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲೋ ಸಾಲವಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಸಹಕಾರ ಸಂಘದವರು ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ. 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯಲ್ಲೇ ದಾವೆ ಹೂಡುತ್ತಾರೆ. ಅಲ್ಲಿಂದ ಬರುವ ನೋಟಿಸ್ ಕೋರ್ಟಿನ ಸಮನ್ಸಿನಷ್ಟೇ ಗಟ್ಟಿ. ಬ್ಯಾಂಕಾದರೆ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಡಬೇಕು. ಕೃಷಿ ಭೂಮಿಗೆ ಆ ಕಾಯ್ದೆ ಅನ್ವಯಿಸದು ಎಂದು 31ನೇ ಕಲಮು ಹೇಳುತ್ತದೆ. ಆದರೆ ಪಹಣಿಯಲ್ಲಿ ಬೆಳೆಯ ಹೆಸರಿದ್ದರಷ್ಟೇ ಸಾಲದು, ನೆಲವನ್ನು ನಿಜವಾಗಿ ಬೇಸಾಯಕ್ಕೇ ಬಳಸುತ್ತಿದ್ದೀರಿ ಎಂಬುದು ಮುಖ್ಯ. ಕಾಫಿ ತೋಟಗಳ ವಿಷಯದಲ್ಲಿ ಬ್ಯಾಂಕುಗಳಿಗೂ ಬೆಳೆಗಾರರಿಗೂ ಇದೇ ತಕರಾರು ನಡೆದಿದೆ. ಆದ್ದರಿಂದ ಆ 60 ದಿನದೊಳಗೆ ಪಹಣಿ, ಅಡಿಕೆ ಮಾರಿದ ಪಟ್ಟಿಗಳ ಸಮೇತ ಲಿಖಿತ ಆಕ್ಷೇಪ ಸಲ್ಲಿಸಬೇಕು. ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನಕ್ಕೆ ಕೈಹಾಕಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು.

ಇಷ್ಟೆಲ್ಲ ಹೇಳಿದ್ದು ಸಾಲ ಕಟ್ಟಬೇಡಿ ಎನ್ನಲಿಕ್ಕಲ್ಲ. ಅಮ್ಮನೂ ಹಾಗೆ ಯೋಚಿಸುವವರಲ್ಲ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಕಟ್ಟುವ ಬಗೆ ಹೇಗೆ ಎಂಬುದೇ ಪ್ರಶ್ನೆ. ಮೊದಲು ಒಂದು ಲೆಕ್ಕ ಮಾಡಿ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಶೇಕಡ 50 ಮೀರುವಂತೆ ಸಂಸ್ಥೆಗಳು ಸಾಲ ಕೊಡಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮನೆಯ ಆದಾಯ ತಿಂಗಳಿಗೆ 15,000 ರೂಪಾಯಿ ಎಂದುಕೊಂಡರೆ ಕಂತುಗಳ ಮಿತಿ 7,500. ಮೂರೂ ಕಡೆ ಸೇರಿ 9,800 ಆಗುತ್ತಿದ್ದರೆ, ಮೂರನೆಯವರು ನೋಡದೆಯೋ ನೋಡಿಯೂ ಕಾಣದಂತೆಯೋ ಕೊಟ್ಟಿದ್ದಾರೆ ಎಂದರ್ಥ. ಅರ್ಜಿಯಲ್ಲಿ ಆದಾಯವನ್ನು ಸಿಬ್ಬಂದಿಯೇ ಹೆಚ್ಚಿಸಿ ಬರೆದುಕೊಂಡಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದರ ಪ್ರತಿ ಕೇಳಿ ಪಡೆಯಿರಿ. ಇದರಿಂದ ಸಾಲ ಇಲ್ಲವಾಗುವುದಿಲ್ಲ, ಆದರೆ ಮಾತುಕತೆಗೆ ಕುಳಿತಾಗ ನಿಮ್ಮ ಕೈ ಬಲವಾಗುತ್ತದೆ. ತಡವಾದದ್ದಕ್ಕೆ ದಂಡ ಹಾಕಿದ್ದರೆ ಅದು ಬಾಕಿಯಾದ ಕಂತಿನ ಮೇಲೆ ಮಾತ್ರ ಇರಬೇಕು, ಇಡೀ ಸಾಲದ ಮೇಲಲ್ಲ. ಇದನ್ನೂ ಪರೀಕ್ಷಿಸಿ.

ಅಡಿಕೆಯ ಹಣ ಬರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಒಣಗಿಸಿ ಮಂಡಿಗೆ ಹಾಕಿದ ಮೇಲೆ. ವಾರದ ಕಂತು ನಮ್ಮ ನೆಲಕ್ಕೆ ಒಗ್ಗುವ ಪದ್ಧತಿಯೇ ಅಲ್ಲ. ಮರುಪಾವತಿಯ ಅವಧಿಯನ್ನು ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಇಟ್ಟುಕೊಳ್ಳಲು ಸಂಸ್ಥೆ ಅವಕಾಶ ಕೊಡಬೇಕೆಂದು ಅದೇ 2022ರ ನಿಯಮದಲ್ಲಿದೆ. ಅದನ್ನು ಉಲ್ಲೇಖಿಸಿ ಮೂರೂ ಸಂಸ್ಥೆಗಳಿಗೆ ಬರೆಯಿರಿ: ಅಪ್ಪನ ಕಾಲಿನ ಆಸ್ಪತ್ರೆ ಕಾಗದ, ತೋಟದ ರೋಗದ ಚಿತ್ರಗಳನ್ನು ಲಗತ್ತಿಸಿ, ಸುಗ್ಗಿಯವರೆಗೆ ತಿಂಗಳಿಗೆ ಇಷ್ಟು, ಆಮೇಲೆ ಇಷ್ಟು ಎಂದು ನಿಮ್ಮಿಂದ ನಿಜವಾಗಿ ಆಗುವ ಮೊತ್ತ ಹೇಳಿ. ಒಂದನ್ನು ತೀರಿಸಲು ನಾಲ್ಕನೆಯ ಸಾಲ ಮಾಡಬೇಡಿ. ಮೀಟರ್ ಬಡ್ಡಿಯವರ ಬಳಿಗಂತೂ ಹೋಗಲೇಬೇಡಿ. ಕೊಡುವ ಪ್ರತಿ ರೂಪಾಯಿಗೂ ರಸೀದಿ, ಕಾರ್ಡಿನಲ್ಲಿ ನಮೂದು ಪಡೆಯಿರಿ. ವಸೂಲಿಗೆ ಬಂದವನ ಸ್ವಂತ ಫೋನ್‌ಪೇ ಸಂಖ್ಯೆಗೆ ಹಣ ಕಳುಹಿಸಿ, ಅವನು ಕೆಲಸ ಬಿಟ್ಟು ಹೋದ ಮೇಲೆ ಎರಡನೆಯ ಸಲ ಕಟ್ಟಿದ ಕುಟುಂಬಗಳು ನನ್ನ ಕಡತಗಳಲ್ಲಿವೆ.

ಲೋಕ ಅದಾಲತ್‌ನಿಂದ ನೋಟಿಸ್ ಬಂದರೆ ಬೆದರಬೇಡಿ, ಅದು ರಾಜಿಗೆ ಕರೆ. ಹೋಗಿ. ಒಪ್ಪಲೇಬೇಕೆಂಬ ಬಲವಂತವಿಲ್ಲ. ಆದರೆ ಒಪ್ಪಿ ಸಹಿ ಹಾಕಿದರೆ ಅದು ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ; ಆದ್ದರಿಂದ ದಾಕ್ಷಿಣ್ಯಕ್ಕೆ ಬಿದ್ದು ಆಗದ ಮೊತ್ತಕ್ಕೆ ಹೂಂ ಎನ್ನಬೇಡಿ. ಕೊನೆಯ ಕಂತು ಕಟ್ಟಿದ ದಿನ, ಇನ್ನು ಬಾಕಿ ಇಲ್ಲ ಎಂಬ ಬೇಬಾಕಿ ಪತ್ರ ಮತ್ತು ಆ ಚೆಕ್ ಎರಡನ್ನೂ ಕೈಗೆ ಪಡೆದೇ ಬನ್ನಿ.

ವಕೀಲರಿಗೆ ಕೊಡಲು ಹಣವೆಲ್ಲಿ ಎಂದು ನೀವು ಕೇಳಿಲ್ಲ, ಆದರೆ ಯೋಚಿಸಿರುತ್ತೀರಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅಥವಾ ಶಿವಮೊಗ್ಗದ ಜಿಲ್ಲಾ ಪ್ರಾಧಿಕಾರಕ್ಕೆ ಅಮ್ಮನ ಹೆಸರಿನಲ್ಲೇ ಅರ್ಜಿ ಕೊಡಿ. 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಹೋಗುವಾಗ ಮೂರು ಸಾಲದ ಕಾರ್ಡು, ರಸೀದಿಗಳು, ಬ್ಯಾಂಕ್ ಪಾಸ್‌ಬುಕ್, ಬಂದಿರುವ ಎಲ್ಲ ಕಾಗದ, ಚೆಕ್ ಪುಸ್ತಕದ ಉಳಿದ ಅಡಿಚೀಟಿ, ಅಕ್ಕನ ಮೊಬೈಲಿನಿಂದ ತೆಗೆದ ಚಿತ್ರಗಳು, ವಸೂಲಿಯವರು ಬಂದ ದಿನಾಂಕ ಮತ್ತು ಹೊತ್ತು ಬರೆದ ಒಂದು ನೋಟ್ ಪುಸ್ತಕ ಒಯ್ಯಿರಿ. ರೇಷನ್ ಕಾರ್ಡ್ ಕಸಿದುಕೊಂಡ ದೂರನ್ನು ಮಾತ್ರ ಇದಕ್ಕೆಲ್ಲ ಕಾಯದೆ ನಾಳೆಯೇ ಠಾಣೆಗೆ ಕೊಡಿ. ಅಮ್ಮನೂ ಜೊತೆಗೆ ಬರಲಿ, ದೂರಿಗೆ ಅವರೇ ಸಹಿ ಹಾಕಲಿ.